ಸತ್ತ ಕಂಬ ಬೇಕು

ಜೋಳ ಒಕ್ಕುವ ಕಾಲ. ಊರ ಕಣಗಳಲ್ಲೆಲ್ಲ ಬೆಳಗಿನಿಂದಲೇ ಎತ್ತುಗಳು ಸುತ್ತುತ್ತಿದ್ದವು. ಗಾಳಿ ಎದ್ದಾಗ ಜನ ಮೊರ ಎತ್ತಿ ತೂರುತ್ತಿದ್ದರು, ಗಾಳಿ ಬಿದ್ದಾಗ ಸೊಂಟಕ್ಕೆ ಕೈ ಕೊಟ್ಟು ಆಕಾಶವನ್ನು ಬೈಯುತ್ತಿದ್ದರು. ಹೊಟ್ಟು ಮಾತ್ರ ಯಾರ ಅಂಕೆಯೂ ಇಲ್ಲದೆ ಮನೆಮನೆಗೆ ನುಗ್ಗುತ್ತಿತ್ತು. ಕುಡಿಯುವ ನೀರಿನಲ್ಲಿ ಹೊಟ್ಟು, ಹಾಸಿಗೆಯಲ್ಲಿ ಹೊಟ್ಟು, ಜಗಳಕ್ಕೆಂದು ಬಾಯಿ ತೆರೆದರೆ ನಾಲಿಗೆಯ ಮೇಲೆ ಹೊಟ್ಟು. ಹಾಗಾಗಿ ಸುಗ್ಗಿಯಲ್ಲಿ ಜಗಳಗಳು ಕಡಿಮೆ.

ಗಿರಣಿಯಕ್ಕ ಅಂದು ಬೆಳಗ್ಗೆ ಗಿರಣಿ ಕೋಣೆಯನ್ನು ಮೂರನೆಯ ಸಲ ಗುಡಿಸುತ್ತಿದ್ದಳು. ಗಿರಣಿಯಕ್ಕ ಎಂಬುದು ಕೇರಿಯ ಹೆಂಗಸರು ಇಟ್ಟ ಹೆಸರು. ಅವಳಣ್ಣ ತನ್ನ ಊರಿನಲ್ಲಿ ಗಿರಣಿ ಮುಚ್ಚಿದಾಗ ಕಲ್ಲು, ಮೋಟರು, ಪಟ್ಟಾ ಎಲ್ಲವನ್ನೂ ತಂಗಿಗೆ ಕಳಿಸಿಕೊಟ್ಟಿದ್ದ. ಗಾಡಿಯಿಂದ ಕಲ್ಲು ಇಳಿದ ದಿನವೇ ಹೆಸರೂ ಇಳಿದಿತ್ತು. ಕಲ್ಲು ಇನ್ನೂ ಒಂದು ಕಾಳಿನ ಮುಖ ಕಂಡಿರಲಿಲ್ಲ. ಅದುವರೆಗೆ ಊರಿನ ಹೆಂಗಸರು ಕಾಳು ಹೊತ್ತು ಹೊಳೆ ದಾಟಿ, ಆಚೆ ಊರಿನ ಗಿರಣಿಯ ಮುಂದೆ ಸರದಿ ಕಾದು, ಕತ್ತಲಾಗುವ ಹೊತ್ತಿಗೆ ಹಿಟ್ಟಿನ ಜೊತೆ ಮೈಕೈ ನೋವನ್ನೂ ಹೊತ್ತು ತರುತ್ತಿದ್ದರು. "ಈ ಸುಗ್ಗಿಯಿಂದ ಯಾರೂ ಹೊಳೆ ದಾಟಬೇಡಿ" ಎಂದು ಅವಳು ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದಳು. ಆ ಮಾತು ಉಳಿಯಬೇಕಾದರೆ ಇಂದು ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರು ಬಂದು, ನೋಡಿ, ಸಹಿ ಹಾಕಬೇಕಿತ್ತು.

ಸಹಿಗೆ ಒಂದು ಷರತ್ತಿತ್ತು. ಅದನ್ನು ಲೈನ್‌ಮನ್ ಸುಗ್ಗಿಗೆ ಮೊದಲೇ ಬಂದು ಬಿಡಿಸಿ ಹೇಳಿದ್ದ.

"ಅಕ್ಕ, ಹಿಟ್ಟಿನ ಧೂಳು ನೋಡೋಕೆ ಮೆತ್ತಗೆ. ಆದ್ರೆ ಕೋಣೆ ತುಂಬ ಧೂಳು ಹಾರ್ತಿರುವಾಗ ಒಂದೇ ಒಂದು ಕಿಡಿ ಬಿತ್ತು ಅನ್ಕೊಳ್ಳಿ, ಛಾವಣೀನ ಪಕ್ಕದ ಊರಲ್ಲಿ ಹುಡುಕಬೇಕಾಗುತ್ತೆ. ಅದಕ್ಕೇ ಮೀಟರು, ಫ್ಯೂಸು, ಮೇನ್ ಸ್ವಿಚ್ಚು ಯಾವುದೂ ಗಿರಣಿ ಗೋಡೆ ಮೇಲೆ ಇರೋ ಹಂಗಿಲ್ಲ. ಅಂಗಳದ ಆಚೆ, ಅದರದೇ ಒಂದು ಕಂಬದ ಮೇಲಿರಬೇಕು. ಒಳಗೆ ಏನಾದ್ರೂ ಆದ್ರೆ ಹೊರಗಡೆ ನಿಂತೇ ಕರೆಂಟು ತೆಗೀಬಹುದು."

"ಅಂದ್ರೆ ಊಟ ಒಳಗೆ, ಬಾಯಿ ಬೇಲಿ ಹತ್ರ" ಎಂದಿದ್ದರು ಅವಳ ಮಾವ, ಗಂಡನ ಅಪ್ಪ.

"ಹಂಗೇ ಅನ್ಕೊಳ್ಳಿ ತಾತಾ."

"ಆಗ್ಲಿ. ಕಂಬದ ವಿಷಯ ನನಗೆ ಬಿಡಿ."

ಕಂಬ ನೆಡುವುದರಲ್ಲಿ ಮಾವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಆ ಊರ ಮಣ್ಣಿನಲ್ಲಿ ಗೆದ್ದಲು ವಿಪರೀತ. ಒಣಮರ ನೆಟ್ಟರೆ ಎರಡು ಮಳೆಗಾಲದಲ್ಲಿ ಒಳಗೊಳಗೇ ತಿಂದು, ಹೊರಗೆ ಸಿಪ್ಪೆಯನ್ನು ಮಾತ್ರ ಮರ್ಯಾದೆಗೆ ಬಿಟ್ಟಿರುತ್ತದೆ. ಹಾಗಾಗಿ ಅಜ್ಜ ಮುತ್ತಜ್ಜಂದಿರ ಕಾಲದಿಂದ ಅಲ್ಲಿ ಬೇಲಿ ಎಂದರೆ ಜೀವಂತ ಬೇಲಿ. ಹಸಿಕೊಂಬೆ ಕಡಿದು ನೆಟ್ಟರೆ ಅದು ಬೇರು ಬಿಟ್ಟು ಚಿಗುರಬೇಕು. ಬದುಕಿದ ಮರಕ್ಕೆ ಗೆದ್ದಲು ಬಾಯಿ ಹಾಕುವುದಿಲ್ಲ. ಮಾವ ತಮ್ಮ ಬೇಲಿಸಾಲಿನಿಂದ ತೊಡೆಗಾತ್ರದ ನೇರ ಕೊಂಬೆಯೊಂದನ್ನು ಆರಿಸಿ ಕಡಿದರು. ಬುಡದ ಕುಳಿಗೆ ಬೂದಿ ಹಾಕಿದರು, ಗೊಬ್ಬರ ಹಾಕಿದರು, ತುದಿ ಒಣಗದಿರಲೆಂದು ಸಗಣಿಯ ಟೋಪಿ ಇಟ್ಟರು, ಕೊನೆಗೆ ಒಂದು ಕೊಡ ನೀರು ಹುಯ್ದರು. ಮೀಟರಿಗೆ ಇದೆಲ್ಲ ಏಕೆ ಎಂದು ಅವರ ತಲೆಗೆ ಹೊಳೆಯಲಿಲ್ಲ. ಕೈ ತನ್ನಷ್ಟಕ್ಕೆ ಮಾಡಿತು. ಪೆಟ್ಟಿಗೆ ಜಡಿಯಲು ಬಂದ ಲೈನ್‌ಮನ್ ಮೊಳೆ ಹೊಡೆಯುತ್ತ, "ಹಸಿ ಇದೆಯಲ್ಲ ತಾತಾ" ಎಂದದ್ದಕ್ಕೆ, "ಒಣಗುತ್ತೆ ಬಿಡಪ್ಪ" ಎಂದಿದ್ದರು.

ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಒಂದೆರಡು ಹದ ಮಳೆ ಬಿತ್ತು. ಕೊಯ್ಲಿನ ಗಡಿಬಿಡಿಯಲ್ಲಿ ಅಂಗಳದ ಮೂಲೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಈಗ ಗಿರಣಿಯಕ್ಕ ಕೋಣೆ ಗುಡಿಸಿ, ಪೆಟ್ಟಿಗೆಯನ್ನೂ ಒಂದು ಸಲ ಒರೆಸೋಣವೆಂದು ಒದ್ದೆ ಬಟ್ಟೆ ಹಿಡಿದು ಅಂಗಳ ದಾಟಿದಳು. ದಾಟಿದವಳು ನಿಂತಲ್ಲೇ ನಿಂತಳು.

ಮೀಟರ್ ಪೆಟ್ಟಿಗೆಯ ಎರಡೂ ಕಡೆಯಿಂದ ಎಳೆಹಸಿರು ಎಲೆಗಳು ಕಿವಿಗಳ ಹಾಗೆ ನಿಗುರಿದ್ದವು. ಸಗಣಿಯ ಟೋಪಿ ಒಡೆದು ನೆತ್ತಿಯಿಂದ ಜುಟ್ಟು ಎದ್ದಿತ್ತು. ಪೆಟ್ಟಿಗೆಯ ಹಿಂದಿನಿಂದ ಹೊರಟ ಒಂದು ಚಿಗುರು ಮುಚ್ಚಳದ ಸಂದಿಯಲ್ಲಿ ಇಣುಕಿ, ಮೇನ್ ಸ್ವಿಚ್ಚಿನ ಹಿಡಿಗೆ ಕೈ ಹಾಕುವ ಅಂದಾಜಿನಲ್ಲಿತ್ತು.

"ಏನ್ರೀ! ಬನ್ರೀ ಇಲ್ಲಿ!"

ಗಂಡ ಬಂದ. ಊರಿನಲ್ಲಿ ಅವನನ್ನು ಹೂಂಅಣ್ಣ ಎನ್ನುತ್ತಿದ್ದರು. ದಿನವೊಂದಕ್ಕೆ ಅವನ ಬಾಯಿಂದ ಬೀಳುವ ಮಾತಿನಲ್ಲಿ ಹೂಂ ಕಳೆದರೆ ಮಿಕ್ಕುವುದು ಕೆಮ್ಮು ಮಾತ್ರ.

"ಇದನ್ನ ನೋಡಿದ್ರಾ?"

"ಹೂಂ."

"ಈಗಲ್ಲ, ಮೊದಲೇ ನೋಡಿದ್ರಾ?"

"ಹೂಂ. ಎರಡೆಲೆ ಇದ್ದಾಗ."

"ಮತ್ತೆ ಬಾಯಿ ಬಿಟ್ಟು ಹೇಳೋದಲ್ವಾ?"

ಅವನು ಕಂಬವನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿತ್ತು" ಎಂದ.

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ನಗುತ್ತಲೇ ಚಿಗುರುಗಳನ್ನು ಕಿತ್ತಳು. ಮಾವ ಓಡಿಬಂದು, "ಎಳೆ ಚಿಗುರು ಮುರೀಬಾರ್ದಮ್ಮಾ, ಒಂದಕ್ಕೆ ನಾಲ್ಕು ಬರುತ್ತೆ" ಎಂದು ಅಡ್ಡ ನಿಂತರು. ಉದುರಿದ ಎಲೆ ತಿನ್ನಲು ಮೇಕೆ ಬಂತು. ಮೇಕೆಯನ್ನು ಮಾವ ಅಟ್ಟುವುದು, ಮಾವನನ್ನು ಸೊಸೆ ತಡೆಯುವುದು, ಅದರ ನಡುವೆ ರಸ್ತೆಯ ತಿರುವಿನಲ್ಲಿ ಮೋಟರ್ ಸೈಕಲ್ಲಿನ ಸದ್ದು. ಅವಳು ಕೈಗೆ ಸಿಕ್ಕ ಗೋಣಿಚೀಲವನ್ನು ಕಂಬದ ತಲೆಗೆ ಹೊದಿಸಿದಳು.

ಇನ್‌ಸ್ಪೆಕ್ಟರು ತೆಳ್ಳಗಿನ ಮನುಷ್ಯ. ಹೊಟ್ಟು ಆಗದ ಮೂಗು. ಊರ ಗಡಿಯಲ್ಲಿ ಶುರುವಾದ ಸೀನು ಅಂಗಳಕ್ಕೆ ಬಂದರೂ ನಿಂತಿರಲಿಲ್ಲ. ಹಿಂದೆ ಕೂತಿದ್ದ ಲೈನ್‌ಮನ್ ಇಳಿದು, ಗಿರಣಿಯ ವೈರು, ಮೋಟರಿನ ತಳಪಾಯ, ನೆಲದಡಿಯ ಕೊಳವೆ ಎಲ್ಲ ತೋರಿಸಿದ. ಎಲ್ಲಕ್ಕೂ ಅವರು ತಲೆಯಾಡಿಸಿದರು. ಆಮೇಲೆ ಅಂಗಳ ದಾಟಿ ಕಂಬದ ಮುಂದೆ ನಿಂತರು.

"ಈ ಗೋಣಿ ಯಾಕೆ?"

"ಬಿಸಿಲು ಸಾರ್" ಎಂದಳು ಗಿರಣಿಯಕ್ಕ. "ಪೆಟ್ಟಿಗೆಗೆ ಬಿಸಿಲು ತಾಗದೇ ಇರ್ಲಿ ಅಂತ."

ಅವರು ಗೋಣಿ ಎತ್ತಿದರು. ಗಡಿಬಿಡಿಯಲ್ಲಿ ತಪ್ಪಿಸಿಕೊಂಡಿದ್ದ ಒಂದು ಎಲೆ ಅವರ ಮೂಗಿನ ನೇರಕ್ಕೆ ಅಲ್ಲಾಡಿತು.

"ಇದೇನು?"

"ಎಲೆ" ಎಂದ ಹೂಂಅಣ್ಣ. ಬೇರೆ ಯಾವ ದಿನವೂ ಕೇಳಿದ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಕೊಟ್ಟವನಲ್ಲ.

"ಎಲೆ ಅಂತ ಕಾಣ್ತಿದೆ. ಇದು ಕಂಬಾನೋ, ಮರಾನೋ?"

ಗಿರಣಿಯಕ್ಕ ಮಾವನ ಕಡೆ ಕಣ್ಣು ಬಿಟ್ಟಳು. ಮಾವ ಅದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡು ಮುಂದೆ ಬಂದರು. "ಜೀವ ಇದೆ ಸಾಹೇಬ್ರೇ! ಉಗುರಲ್ಲಿ ಗೀರಿ ನೋಡಿ. ಈ ಕೈ ನೆಟ್ಟಿದ್ದು ಇವತ್ತಿನವರೆಗೆ ಒಂದೂ ಸತ್ತಿಲ್ಲ."

ಲೈನ್‌ಮನ್ ಹಣೆ ಹಿಡಿದುಕೊಂಡ. ಇನ್‌ಸ್ಪೆಕ್ಟರು ಸೀನಿದರು, ಕರವಸ್ತ್ರದಲ್ಲಿ ಮೂಗು ಒರೆಸಿದರು.

"ತಾತಾ, ಬದುಕಿರೋ ಮರಕ್ಕೆ ಮೀಟರು ಹೊಡೆಯೋ ಹಂಗಿಲ್ಲ. ಮರ ದಪ್ಪ ಆಗುತ್ತೆ, ಪೆಟ್ಟಿಗೆ ಬಿರಿಯುತ್ತೆ. ಕೊಂಬೆ ಹೋಗಿ ತಂತಿ ತಬ್ಕೊಳ್ಳುತ್ತೆ. ಆಗ ನಿಮ್ಮ ಸೊಸೆ ಸ್ವಿಚ್ಚು ಮುಟ್ಟಿದ್ರೆ ಯಾರು ಹೊಣೆ?"

"ಹಾಗಾದ್ರೆ ಸಹಿ?" ಎಂದಳು ಗಿರಣಿಯಕ್ಕ.

"ಸಾಧ್ಯ ಇಲ್ಲಮ್ಮ. ಮುಂದಿನ ಸುತ್ತು ಮಳೆಗಾಲ ಕಳೆದ ಮೇಲೆ."

"ಅಷ್ಟು ಹೊತ್ತಿಗೆ ಊರಿನ ಜೋಳ ಎಲ್ಲ ಹೊಳೆ ದಾಟಿರುತ್ತೆ ಸಾರ್. ಆಮೇಲೆ ನಾನು ಬೀಸೋದಾದ್ರೂ ಏನನ್ನ? ನನ್ನ ತಲೇನಾ? ಒಮ್ಮೆ ಆಚೆ ಗಿರಣಿ ಹಿಡಿದವರು ಮತ್ತೆ ಈಚೆ ಬರಲ್ಲ. ನಾನು ಬಾಯಿಬಿಟ್ಟು ಮಾತು ಕೊಟ್ಟಿದ್ದೀನಿ."

ಆ ಕೊನೆಯ ಮಾತು ಅವರಿಗೆ ತಟ್ಟಿರಬೇಕು. ಮೋಟರ್ ಸೈಕಲ್ಲಿನ ಕಡೆ ನಡೆದವರು ತಿರುಗಿ ನಿಂತರು.

"ನೋಡಮ್ಮ, ಮೇಲಿನ ತೋಟದಲ್ಲಿ ಒಂದು ಪಂಪು ನೋಡೋದಿದೆ. ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟರಲ್ಲಿ ಈ ಪೆಟ್ಟಿಗೆ ಒಂದು ಸತ್ತ ಕಂಬದ ಮೇಲೆ, ಅಲ್ಲಾಡದೆ ಕೂತಿದ್ರೆ ಸಹಿ. ಲೈನ್‌ಮನ್ ಇಲ್ಲೇ ಇರಲಿ. ಆದ್ರೆ ಪೂರ್ತಿ ಸತ್ತಿರಬೇಕು, ಗೊತ್ತಾಯ್ತಾ?"

"ಸಿಮೆಂಟು ಕಂಬ ತರಿಸೋಣ ಅಂದ್ರೆ ಪೇಟೆಯಿಂದ ಬರೋದು ವಾರ" ಎಂದ ಲೈನ್‌ಮನ್, ಸಾಹೇಬರು ಮರೆಯಾದ ಮೇಲೆ. "ಒಂದು ಒಣಕಂಬ ಸಾಕಕ್ಕ. ಊರಲ್ಲಿ ಒಂದು ಒಣಕಂಬ ಸಿಗಲ್ವಾ?"

ಸಿಗುವುದಿಲ್ಲ ಎಂಬುದು ಹೊತ್ತು ನೆತ್ತಿಗೇರುವುದರೊಳಗೆ ತಿಳಿಯಿತು.

ಮೊದಲು ಪಕ್ಕದ ಮನೆ. "ಸತ್ತ ಕಂಬ ಇದೆಯಾ?" ಎಂದು ಗಿರಣಿಯಕ್ಕ ಕೂಗಿದರೆ ಒಳಗಿಂದ, "ಅಯ್ಯೋ, ಯಾರು ಹೋದ್ರು?" ಎಂಬ ದನಿ. ವಿಷಯ ತಿಳಿದ ಮೇಲೆ ಆ ಮನೆಯಾಕೆ ತನ್ನ ಬೇಲಿಯ ಕಂಬಗಳನ್ನೆಲ್ಲ ಒಂದೊಂದಾಗಿ ಗೀರಿದಳು. ಒಂದೊಂದೂ ಹಸಿರು. "ನೋಡಿದ್ಯಾ, ಒಂದಕ್ಕಾದ್ರೂ ಸಾಯೋ ಬುದ್ಧಿ ಇಲ್ಲ" ಎಂದು ಕಂಬಗಳನ್ನೇ ಬೈದು, ಹುಡುಕುವ ಗುಂಪಿಗೆ ಸೇರಿಕೊಂಡಳು. ಹಾಗೆ ಮನೆಗೊಬ್ಬರು ಸೇರುತ್ತ ಹೋದರು. ಹಿಟ್ಟು ಬೇಕಾದವರು ಅವರೇ ತಾನೆ.

ಮೂಲೆಮನೆಯ ಗಾಡಿಯವ ಎದೆ ತಟ್ಟಿದ. "ನನ್ನ ಬೇಲಿ ಬಾಗಿಲಿನ ದಣಪೆ ಕಂಬ ಸತ್ತು ವರ್ಷ ಆಯ್ತು. ಬನ್ನಿ, ಕಿತ್ಕೊಂಡು ಹೋಗಿ." ಗುಂಪು ಅವನ ಹಿಂದೆ ನಡೆಯಿತು. ಕಂಬ ಬೆಳ್ಳಗೆ ಒಣಗಿ, ಸಿಪ್ಪೆ ಕಳಚಿ, ನೋಡಿದರೆ ಅನುಮಾನವೇ ಇಲ್ಲ. ಗಿರಣಿಯಕ್ಕ ಬುಡದ ಹುಲ್ಲು ಸರಿಸಿದಳು. ಅಲ್ಲೊಂದು ಕೆಂಪು ಚಿಗುರು, ಆಗಷ್ಟೇ ಕಣ್ಣು ಬಿಟ್ಟದ್ದು.

"ನಿನ್ನೆವರೆಗೂ ಸತ್ತಿತ್ತು!" ಎಂದು ಗಾಡಿಯವ ಆಣೆ ಹಾಕಿದ.

"ನಿನ್ನ ಮುಖ ನೋಡಿ ಎದ್ದಿರ್ಬೇಕು, ಅಣ್ಣ" ಎಂದಳು ಗಿರಣಿಯಕ್ಕ.

ನಗು ಅಲ್ಲಿಂದ ಶುರುವಾದದ್ದು ಮುಂದಿನ ಬೇಲಿಗೆ ಹೋಗುವಷ್ಟರಲ್ಲಿ ಹತೋಟಿ ತಪ್ಪಿತು. ಯಾರೋ ಬಾವಿಯ ರಾಟೆಯ ಕಂಬ ಎಂದರು; ಅದನ್ನು ಕಿತ್ತರೆ ನೀರಿಗೆ ಯಾರ ಮನೆಗೆ ಹೋಗುವುದು? ಗಿರಣಿಯಕ್ಕನ ಕಣ್ಣು ತನ್ನದೇ ಮನೆಯ ಜಗಲಿಯ ಕಂಬದ ಮೇಲೆ ಒಂದು ಗಳಿಗೆ ನಿಂತಿತು. ಮಾವ ಹೋಗಿ ಆ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು, "ಅಮ್ಮಾ, ಇದರ ಮೇಲೆ ಮನೆಯ ಮಾಡು ಇದೆ, ಮಾಡಿನ ಕೆಳಗೆ ನಾನಿದ್ದೀನಿ" ಎಂದರು. ಬದುಕಿದ ಕಂಬ ಸಿಕ್ಕಿದಾಗಲೆಲ್ಲ ಗುಂಪು "ಅಯ್ಯೋ ಪಾಪ, ಇದೂ ಬದುಕಿದೆ" ಎಂದು ಮರುಗುತ್ತ ಮುಂದೆ ಹೋಗುತ್ತಿತ್ತು. ಹೊಟ್ಟೆ ಹಿಡಿದು ನಕ್ಕು ಒಬ್ಬಿಬ್ಬರು ರಸ್ತೆಯಲ್ಲೇ ಕೂತರು. ಗಿರಣಿಯಕ್ಕನೂ ನಕ್ಕಳು. ನಗುವಾಗಲೂ ಅವಳ ಕಣ್ಣು ಸೂರ್ಯನ ಮೇಲಿತ್ತು. ಅವನು ಯಾರಿಗೂ ಕಾಯದೆ ಇಳಿಯತೊಡಗಿದ್ದ.

ಊರ ತುದಿಯಲ್ಲಿ ಕಣದಜ್ಜಿಯ ಕಣ. ಅಜ್ಜಿ ತೆನೆಯ ರಾಶಿಯ ಮೇಲೆ ಕೂತು ಎತ್ತು ಹೊಡೆಯುತ್ತಿದ್ದಳು. ಕಣದ ನಡುವೆ ನೆಟ್ಟ ಮೇಟಿಕಂಬಕ್ಕೆ ಹಗ್ಗ, ಹಗ್ಗಕ್ಕೆ ಎತ್ತು. ಎತ್ತುಗಳು ಕಂಬದ ಸುತ್ತ ತುಳಿದಂತೆ ಕಾಳು ಬಿಡಿಯಾಗುತ್ತಿತ್ತು. ಗಿರಣಿಯಕ್ಕ ಕಂಬವನ್ನು ನೋಡಿದಳು. ಕಪ್ಪಗೆ, ಹಗ್ಗ ತಿಕ್ಕಿ ತಿಕ್ಕಿ ನಡುವಿನಲ್ಲಿ ನುಣ್ಣಗೆ ಸವೆದ ಕಂಬ. ಮರದ ಗಟ್ಟಿ ಒಳತಿರುಳು, ಚೇಗು. ಸುಗ್ಗಿ ಮುಗಿದೊಡನೆ ಕಿತ್ತು ಅಟ್ಟಕ್ಕೆ ಏರಿಸುವ ಕಾರಣ ಗೆದ್ದಲಿಗೂ ಎಟಕಿರಲಿಲ್ಲ.

"ಅಜ್ಜೀ, ಇದು ಸತ್ತಿದೆಯಾ?"

"ನನ್ನ ಗಂಡನ ಅಜ್ಜನಿಗಿಂತ ಮೊದಲೇ ಸತ್ತಿದೆ. ಯಾಕೆ, ತಿಥಿ ಮಾಡ್ತೀಯಾ?"

ವಿಷಯ ಕೇಳಿ ಅಜ್ಜಿ ರಾಶಿಯಿಂದ ಕೆಳಗೆ ಜಾರಿದಳು. ಅವಳಿಗೂ ಹಿಟ್ಟು ಬೇಕು. ಹೊಳೆ ದಾಟುವ ಕಸುವು ಅವಳ ಕಾಲಿಗೆ ಎಂದೋ ಮುಗಿದಿತ್ತು. ಯಾರಾದರೂ ಹೊತ್ತು ತಂದುಕೊಟ್ಟರೆ ಉಂಟು. ಆದರೂ ಅವಳು ಬಿಟ್ಟಿ ಕೊಡುವವಳಲ್ಲ.

"ಕೊಡ್ತೀನಿ ಮಗಳೇ. ಅರ್ಧ ಒಕ್ಕಿದೀನಿ, ಅರ್ಧ ಹಾಗೇ ಬಿದ್ದಿದೆ. ಎತ್ತನ್ನ ಯಾವುದಕ್ಕೆ ಕಟ್ಲಿ? ಕಂಬ ತಗೊಂಡ್ರೆ ಕಂಬ ಕೊಡು."

"ಒಣಗಿದ್ದು ಎಲ್ಲೂ ಇಲ್ವಲ್ಲ ಅಜ್ಜಿ."

"ಒಣಗಿದ್ದೇ ಆಗ್ಬೇಕು ಅಂತ ನನಗೆ ಯಾವ ಸಾಹೇಬ್ರೂ ಹೇಳಿಲ್ಲ."

"ಹಂಗಾದ್ರೆ ನಮ್ಮ ಚಿಗುರಿದ್ದೇ ತಗೋ ಅಕ್ಕಾ" ಎಂದರು ಮಾವ, ಆಸೆಯಿಂದ.

"ಥೂ! ಎಲೆ ಬಿಟ್ಟ ಮೇಟಿಗೆ ಎತ್ತು ಕಟ್ಟಿದ್ರೆ ಅವು ಸುತ್ತುತ್ತಾವಾ? ನಿಂತು ಮೇಟೀನೇ ಮೇಯ್ತಾವೆ." ಅಜ್ಜಿ ಗುಂಪಿನ ಮೇಲೆ ಕಣ್ಣಾಡಿಸಿದಳು. ಎಲ್ಲರೂ ನಗುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ, ಕೈಬೀಸುತ್ತ ನಿಂತಿದ್ದರು. ಒಬ್ಬನು ಮಾತ್ರ ನೆಟ್ಟಂತೆ ನಿಂತಿದ್ದ. "ಇವನು ನಿನ್ನ ಗಂಡ ಅಲ್ವಾ? ಗಟ್ಟಿ ಇದ್ದಾನೆ. ನಿಂತ್ಕೊಳ್ತೀಯೇನಪ್ಪಾ?"

"ಹೂಂ" ಎಂದ ಹೂಂಅಣ್ಣ.

ಚಪ್ಪಾಳೆಯೋ ಚಪ್ಪಾಳೆ. ನಾಲ್ಕು ಜನ ಮೇಟಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು. ಅದು ಬಿಟ್ಟ ಕುಳಿಯಲ್ಲಿ ಹೂಂಅಣ್ಣ ಮೊಣಕಾಲುವರೆಗೆ ಇಳಿದು ನಿಂತ. ಸೊಂಟದ ಬಳಿ ಹಗ್ಗದ ಕುಣಿಕೆಯನ್ನು ಎರಡೂ ಕೈಯಲ್ಲಿ ಹಿಡಿದ. ಅಜ್ಜಿ "ಹೋ" ಎಂದಳು. ಎತ್ತುಗಳು ತಮ್ಮ ಕಂಬದ ಮುಖವನ್ನು ಒಂದು ಸಲ ಮೂಸಿ, ತಕರಾರಿಲ್ಲದೆ ನಡೆದವು.

ಮೇಟಿಯ ಮೆರವಣಿಗೆ ಕೇರಿಯಲ್ಲಿ ಸಾಗಿತು. ಮುಂದೆ ಗಾಡಿಯವ, ಹಿಂದೆ ಲೈನ್‌ಮನ್, ನಡುವೆ ಹೆಗಲಿನಿಂದ ಹೆಗಲಿಗೆ ಜಾರುವ ಕಂಬ. ಅಂಗಳದಲ್ಲಿ ಮಾವ ಆಗಲೇ ತಮ್ಮ ಕಂಬದ ಬುಡ ಬಿಡಿಸುತ್ತಿದ್ದರು. ಹಾರೆಯನ್ನು ಮುಟ್ಟಲು ಬಿಡಲಿಲ್ಲ, ಕೈಯಲ್ಲೇ ಮಣ್ಣು ತೆಗೆದರು. ಲೈನ್‌ಮನ್ ಪೆಟ್ಟಿಗೆ ಬಿಚ್ಚಿಕೊಂಡ. ಕಂಬ ಮೇಲೆ ಬಂದಾಗ ಬುಡದಲ್ಲಿ ಬೆಳ್ಳಗೆ ಸಣ್ಣ ಬೇರುಗಳು ನೇತಾಡುತ್ತಿದ್ದವು. "ನೋಡಿ ನೋಡಿ, ಕೂಸಿನ ಬೆರಳು!" ಎಂದು ಎಲ್ಲರಿಗೂ ತೋರಿಸಿ, ಮೇಕೆಗೆ ಕಾಣದ ಹಾಗೆ ಬಚ್ಚಲ ಹಿಂದೆ ಹೊತ್ತೊಯ್ದು ನೆಟ್ಟರು. ಇತ್ತ ಕುಳಿಯನ್ನು ಆಳ ಮಾಡಿ, ಮೇಟಿ ಇಳಿಸಿ, ಕಲ್ಲು ತುಂಬಿಸಿ, ಮಣ್ಣು ಹಾಕಿ ದಮ್ಮಸ್ಸು ಮಾಡುವ ಕೆಲಸ ಗಿರಣಿಯಕ್ಕನದು. ಮೇಟಿ ಕಬ್ಬಿಣದಷ್ಟು ಗಟ್ಟಿ. ಮೊಳೆ ಬಗ್ಗಿತು, ಇನ್ನೊಂದು ಬಗ್ಗಿತು. ಲೈನ್‌ಮನ್ ಬೈರಿಗೆ ತೆಗೆದು ತೂತು ಕೊರೆಯತೊಡಗಿದ.

ಆಗ ಪಕ್ಕದ ಮನೆಯಾಕೆ ಕಣದ ಕಡೆಯಿಂದ ಓಡಿಬಂದಳು.

"ಅಕ್ಕಾ, ನಿನ್ನ ಗಂಡ ಮಾತಾಡ್ತಿದ್ದಾನೆ!"

ದಮ್ಮಸ್ಸಿನ ಕೋಲು ಗಾಳಿಯಲ್ಲೇ ನಿಂತಿತು. "ಯಾರ ಹತ್ರ?"

"ಮೊದಲು ಎತ್ತಿನ ಹತ್ರ. ಈಗ ಎಲ್ಲರ ಹತ್ರ. ಸುತ್ತಿ ಸುತ್ತಿ ತಲೆ ತಿರುಗಿದೆ, ಬಾಯಿ ಬಿಚ್ಚಿಬಿಟ್ಟಿದೆ!"

ಆದದ್ದು ಇಷ್ಟು. ಹಗ್ಗ ಮೈಗೆ ಸುತ್ತಿಕೊಳ್ಳಬಾರದೆಂದು ಹೂಂಅಣ್ಣ ಎತ್ತುಗಳ ಜೊತೆ ತಾನೂ ನಿಂತಲ್ಲೇ ತಿರುಗಬೇಕಾಗಿತ್ತು. ಮೊದಮೊದಲು ಕಣ್ಣು ಮುಚ್ಚಿ ತಿರುಗಿದ. ಆಮೇಲೆ ಕಣ್ಣು ತೆರೆದು, "ಅಜ್ಜೀ, ಊರೆಲ್ಲ ನನ್ನ ಸುತ್ತ ಬರ್ತಿದೆ" ಎಂದ. ಅಜ್ಜಿ, "ಬರ್ಲಿ ಬಿಡು, ನೀನೇನು ಕರೆದಿದ್ದಲ್ವಲ್ಲ" ಎಂದಳು. ಅಲ್ಲಿಂದ ಅವನ ನಾಲಿಗೆಯ ಕಟ್ಟು ಸಡಿಲವಾಯಿತು. ಬಲಗಡೆ ಎತ್ತು ಕಳ್ಳ, ಹಗ್ಗ ಎಳೆಯುವ ಹಾಗೆ ನಟಿಸುತ್ತದೆ ಎಂದ. ಗಾಡಿಯವ ಒಬ್ಬನೇ ಇರುವಾಗ ಚೆನ್ನಾಗಿ ಹಾಡುತ್ತಾನೆ, ಜನ ಕಂಡರೆ ಕೆಡಿಸುತ್ತಾನೆ ಎಂದ. ಎಷ್ಟು ವರ್ಷಗಳಿಂದ ಕೂಡಿಟ್ಟ ಮಾತೋ, ಒಂದೊಂದು ಸುತ್ತಿಗೆ ಒಂದೊಂದು ಉದುರಿತು.

ಗಿರಣಿಯಕ್ಕನಿಗೆ ಹೋಗಿ ಕೇಳುವ ಆಸೆ. ಕೈ ಬಿಟ್ಟರೆ ಕಂಬ ವಾಲುತ್ತದೆ. ಸೂರ್ಯ ತೆಂಗಿನ ಮರದಷ್ಟು ಎತ್ತರಕ್ಕೆ ಇಳಿದಿದ್ದ. "ನೀನು ಹೋಗು, ಕೇಳ್ಕೊಂಡು ಬಾ" ಎಂದು ಪಕ್ಕದ ಮನೆಯಾಕೆಯನ್ನು ಅಟ್ಟಿದಳು. ಹೆಂಗಸರು ಕಣಕ್ಕೂ ಅಂಗಳಕ್ಕೂ ಮಾತು ಹೊರತೊಡಗಿದರು.

"ನೀನು ಬೆಳಗ್ಗೆ ಎದ್ದ ತಕ್ಷಣ ಒಲೆ ಜೊತೆ ಜಗಳ ಆಡ್ತೀಯಂತೆ. ಅವನು ಮಲಗಿದ ಹಾಗೆ ಮಾಡಿ ಕೇಳ್ತಾನಂತೆ."

"ಅಯ್ಯೋ ಶಿವನೇ! ಇನ್ನೇನಂದ?"

ಇನ್ನೊಬ್ಬಳು ಏದುಸಿರು ಬಿಡುತ್ತ ಬಂದಳು. "ನಿನ್ನನ್ನ ಮೊದಲ ಸಲ ನೋಡೋಕೆ ಬಂದಾಗ ನೀನು ಹಿತ್ತಿಲಲ್ಲಿ ಒಂದು ಕೋಳೀನ ಬೈತಾ ಇದ್ಯಂತೆ. ಕೋಳಿಯ ಅಪ್ಪ ಅಮ್ಮ ಎಲ್ಲರನ್ನೂ ಸೇರಿಸಿ. ಬೇಲಿ ಸಂದಿಯಿಂದ ಕೇಳಿ, ಆಗಲೇ ಮನಸ್ಸಲ್ಲಿ ಅನ್ಕೊಂಡ್ನಂತೆ..."

"ಏನಂತ?"

"ಅಷ್ಟರಲ್ಲಿ ಆ ಕಡೆ ತಿರುಗಿದ ಅಕ್ಕ. ಕೇಳಿಸ್ಲಿಲ್ಲ."

"ಈ ಕಡೆ ತಿರುಗಿದಾಗ ಕೇಳೋದಲ್ವೇ!"

"ಈ ಕಡೆ ತಿರುಗೋ ಹೊತ್ತಿಗೆ ಬೇರೆ ಮಾತು ಶುರುವಾಗಿತ್ತು."

ಗಿರಣಿಯಕ್ಕ ಹಲ್ಲು ಕಚ್ಚಿ ದಮ್ಮಸ್ಸು ಹಾಕಿದ ರಭಸಕ್ಕೆ ಮಣ್ಣು ಕಲ್ಲಾಯಿತು.

ಇನ್‌ಸ್ಪೆಕ್ಟರು ಸೀನುತ್ತ ಬಂದಾಗ ಪೆಟ್ಟಿಗೆಯ ಕೊನೆಯ ತಿರುಪು ಕೂತಿತ್ತು. ಲೈನ್‌ಮನ್ ಬೆವರು ಒರೆಸುತ್ತ ಪಕ್ಕಕ್ಕೆ ಸರಿದ. ಅಂಗಳದ ತುಂಬ ಜನ. ಅವರು ಕಂಬವನ್ನು ತಳ್ಳಿದರು. ಅಲ್ಲಾಡಲಿಲ್ಲ. ಜೇಬಿನಿಂದ ಸಣ್ಣ ಚಾಕು ತೆಗೆದು ಬುಡದಲ್ಲಿ, ನಡುವಿನಲ್ಲಿ, ತುದಿಯಲ್ಲಿ ಗೀರಿದರು. ಎಲ್ಲೂ ಹಸಿರಿಲ್ಲ, ಗೀರಿದ ಕಡೆ ಕಾಫಿ ಬಣ್ಣದ ಪುಡಿ ಉದುರಿತು. ಅಷ್ಟಾದರೂ ಅವರಿಗೆ ಅನುಮಾನ.

"ತಾತಾ, ನಿಜ ಹೇಳಿ. ಇದರ ಬುಡಕ್ಕೆ ಗೊಬ್ಬರ ಗಿಬ್ಬರ ಹಾಕಿದ್ದೀರಾ?"

ಮಾವ ನೆಲ ನೋಡಿದರು. "ಸೊಸೆ ಆ ಕಡೆ ತಿರುಗಿದಾಗ ಚೂರೇ ಚೂರು."

ಮೊದಲು ನಕ್ಕವರು ಇನ್‌ಸ್ಪೆಕ್ಟರೇ. ನಗುವಿಗೆ ಸೀನು, ಸೀನಿಗೆ ನಗು ಸೇರಿ ಅವರು ಆ ಕಂಬವನ್ನೇ ಹಿಡಿದು ನಿಲ್ಲಬೇಕಾಯಿತು. ಕಂಬ ಅವರನ್ನೂ ತಡೆದುಕೊಂಡಿತು. "ಇದು ಚಿಗುರಿದ್ರೆ ನಾನು ಕೆಲಸಾನೇ ಬಿಡ್ತೀನಿ" ಎಂದು ಸಹಿ ಹಾಕಿದರು.

ಲೈನ್‌ಮನ್ ತಂತಿ ಕೂಡಿಸಿದ. ಸ್ವಿಚ್ಚಿನ ಬಳಿ ಮಾವ, ಕಲ್ಲಿನ ಬಳಿ ಗಿರಣಿಯಕ್ಕ, ನಡುವೆ ಇಡೀ ಅಂಗಳ.

"ಹಾಕ್ಲಾ?" ಎಂದು ಮಾವ ಕೂಗಿದರು.

"ಹಾಕಿ!"

"ಹಾಕಿಬಿಡ್ಲಾ?"

"ಹಾಕಿ ಮಾವಾ!"

ಮೋಟರು ಒಂದು ಸಲ ಗಂಟಲು ಸರಿಮಾಡಿಕೊಂಡು ಓಡತೊಡಗಿತು. ಪಟ್ಟಾ ಎಳೆಯಿತು, ಕಲ್ಲು ತಿರುಗಿತು, ನೆಲ ಅಂಗಾಲಿಗೆ ಕಚಗುಳಿ ಇಟ್ಟಂತೆ ನಡುಗಿತು. ಪಕ್ಕದ ಮನೆಯಾಕೆ ತನ್ನ ಜೋಳ ಸುರಿದಳು. ಬಿಸಿ ಹಿಟ್ಟು ಬಂತು. ಅದನ್ನು ಮುಟ್ಟುವವರು, ಮೂಸುವವರು, ಒಬ್ಬರ ಕೆನ್ನೆಗೆ ಒಬ್ಬರು ಹಚ್ಚುವವರು. ಗಿರಣಿಯಕ್ಕನ ರೆಪ್ಪೆ ಬೆಳ್ಳಗಾಗಿತ್ತು. ರೆಪ್ಪೆಯಡಿಯಲ್ಲಿ ಎರಡು ಗೆರೆ ಒದ್ದೆಯಾಗಿತ್ತು. ಅದನ್ನು ಒರೆಸಲು ಹೋಗಿ ಅಲ್ಲೇ ಹಿಟ್ಟು ಕಲಸಿದಂತಾಯಿತು.

ಕತ್ತಲಾಗುವ ಹೊತ್ತಿಗೆ ಅವಳು ಕಣಕ್ಕೆ ಹೋದಳು. ಎತ್ತು ಬಿಚ್ಚಿಯಾಗಿತ್ತು. ಗಂಡ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಆಕಾಶ ಇನ್ನೂ ಸುತ್ತುತ್ತಿದೆಯೇನೋ, ಒಂದು ಕೈಯಿಂದ ನೆಲ ಹಿಡಿದುಕೊಂಡಿದ್ದ.

"ಗಿರಣಿ ತಿರುಗಿತು ಕಣ್ರೀ."

"ಕೇಳಿಸ್ತು" ಎಂದ. ಮುಖದ ತುಂಬ ನಗು.

"ಅಂದು ಕೋಳಿ ಬೈತಿದ್ದಾಗ ನೀವು ಮನಸ್ಸಲ್ಲಿ ಏನಂತ ಅನ್ಕೊಂಡ್ರಿ?"

ಅವನು ನೆಲ ಬಿಟ್ಟು ಎದ್ದು ಕೂತ. ತಲೆ ತಿರುಗುವುದು ನಿಂತುಬಿಟ್ಟಿತ್ತು ಎಂದು ಕಾಣುತ್ತದೆ. "ಹೂಂ" ಎಂದ.

"ನಾಳೆ ಬೆಳಗ್ಗೆ ಕಂಬ ಮತ್ತೆ ಬರ್ಬೇಕು" ಎಂದಳು ಅಜ್ಜಿ, ಕಾಳಿನ ರಾಶಿಗೆ ಗೋಣಿ ಹೊದಿಸುತ್ತ. "ಅರ್ಧವೇ ಆಗಿರೋದು. ಸಾಲ ಅಂದ್ರೆ ಸಾಲ."

ಮರುದಿನ ಬೆಳಗ್ಗೆ ಅಜ್ಜಿ ಬೇಲಿಯ ಆಚೆಯಿಂದ, "ಕಂಬ ಎದ್ದಿದೆಯೇನೇ? ಊಟ ಹಾಕಿ ಕಳಿಸು!" ಎಂದು ಕೂಗಿದಳು. ಕಂಬ ಊಟ ಮಾಡಿ ಹೋಯಿತು. ಗಿರಣಿಯಲ್ಲಿ ಸರದಿ ಮುಗಿದ ಮೇಲೆ ಗಿರಣಿಯಕ್ಕ ಸ್ವಿಚ್ಚನ್ನು ಮಾವನಿಗೆ ಒಪ್ಪಿಸಿ, ಎತ್ತು ಹೊಡೆಯಲು ತಾನೇ ಕಣಕ್ಕೆ ಇಳಿದಳು. ಅಜ್ಜಿಗೆ ವಿಶ್ರಾಂತಿ ಎಂದು ನೆಪ. ಎತ್ತುಗಳನ್ನು ಸ್ವಲ್ಪ ಬೇಗವೇ ಹೊಡೆದಳು; ಕೋಳಿಯ ದಿನದ ಮಾತು ಅವನ ಬಾಯಿಂದ ಇನ್ನೂ ಬಾಕಿ ಇತ್ತು.

ಎರಡು ದಿನ ಕಳೆದು ಲೈನ್‌ಮನ್ ಬಂದ. ಪೇಟೆಯಲ್ಲಿ ಹಳೆಯ ಮನೆ ಕೆಡವಿದ ಕಡೆ ಒಂದು ಒಳ್ಳೆಯ ಒಣಕಂಬ ಸಿಕ್ಕಿತ್ತಂತೆ. ಗಾಡಿಯವನ ಗಾಡಿಯಲ್ಲಿ ಹಾಕಿ ತಂದಿದ್ದ. "ತಗೊಳ್ಳಿ ಅಕ್ಕ, ಅಜ್ಜಿಗೆ ಕೊಟ್ಟುಬಿಡಿ. ಪಾಪ, ಅಣ್ಣ ಎಷ್ಟು ದಿನ ಅಂತ ತಿರುಗ್ತಾರೆ?"

ಗಿರಣಿಯಕ್ಕ ಕಂಬವನ್ನು ಗೀರಿ ನೋಡಿದಳು. ಪೂರ್ತಿ ಸತ್ತಿತ್ತು.

"ಸ್ವಲ್ಪ ಈ ಕಡೆ ಹಿಡಿ ತಮ್ಮ" ಎಂದು ಇನ್ನೊಂದು ತುದಿ ತಾನು ಎತ್ತಿ, ಹಿತ್ತಿಲಿಗೆ ಸಾಗಿಸಿ, ಹುಲ್ಲಿನ ಬಣವೆಯ ಕೆಳಗೆ ತೂರಿಸಿದಳು. "ಅಜ್ಜಿ ಹತ್ರ ಈಗ್ಲೇ ಹೇಳೋದು ಬೇಡ. ಸುಗ್ಗಿ ಮುಗೀಲಿ."

ಲೈನ್‌ಮನ್ ಅವಳ ಮುಖ ನೋಡಿ, ಚಹಾ ಕುಡಿದು ಹೋದ.

ಅಂದು ಸಂಜೆ ಅಜ್ಜಿ ಮೊದಲ ಸಲ ತನ್ನ ಜೋಳ ತಂದಳು. ಬೀಸಿಸಿಕೊಂಡು, ಹಿಟ್ಟಿನ ಬುಟ್ಟಿ ಸೊಂಟಕ್ಕೇರಿಸಿ, ಹತ್ತಿರದ ದಾರಿ ಎಂದು ಹಿತ್ತಿಲಿನಿಂದಲೇ ಹೊರಟಳು. ಬಣವೆಯ ಬಳಿ ಅವಳ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಉಗುರಿನಿಂದ ಸಣ್ಣಗೆ ಗೀರಿಯೂ ನೋಡಿದಳು. ಆಮೇಲೆ ಹಿಂದೆ ಮುಂದೆ ಕಣ್ಣು ಹಾಯಿಸಿ, ಹೊರಚಾಚಿದ್ದ ತುದಿಯ ಮೇಲೆ ಒಂದು ಹಿಡಿ ಹುಲ್ಲು ಎಳೆದು ಮುಚ್ಚಿ, ತನ್ನ ದಾರಿ ಹಿಡಿದಳು.